ಮೈನಸ್ ಗಂಟೆಗಳು

"ನಾನು ಮೀಟರ್ ಮುಟ್ಟಿಲ್ಲ ಸಾರ್. ಹನ್ನೊಂದು ದಿನದಿಂದ ಇದೊಂದೇ ಮಾತು ಹೇಳ್ತಾ ಇದ್ದೀನಿ. ನಿಮ್ಮ ಕಿವಿಗೆ ಬೀಳ್ತಾ ಇದೆಯೋ ಇಲ್ವೋ?"

ನೀರು ಸರಬರಾಜು ಕಚೇರಿಯ ಮೇಲಧಿಕಾರಿ ಕಡತದಿಂದ ತಲೆ ಎತ್ತಲಿಲ್ಲ. ಎದುರು ನಿಂತವಳನ್ನು ಎಲ್ಲರೂ ಪಂಪಕ್ಕ ಎನ್ನುತ್ತಿದ್ದರು. ಆರೂವರೆ ವರ್ಷದಿಂದ ಎರಡನೆಯ ಪಂಪ್‌ಹೌಸ್ ನೋಡಿಕೊಂಡವಳು. ಕೈಯ ಹಿಂಬದಿ ತಾಗಿಸಿಯೇ ಬೇರಿಂಗ್ ಬಿಸಿಯಾಗಿದೆಯೋ ಇಲ್ಲವೋ ಎಂದು ಹೇಳುವವಳು. ಹನ್ನೊಂದು ದಿನದ ಹಿಂದೆ ಅವಳ ಪಂಪು ಓಡಿದ ಗಂಟೆ ಕಚೇರಿಯ ಕಂಪ್ಯೂಟರಿನಲ್ಲಿ ಮೈನಸ್ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ಎಂದು ಬಂದಿತ್ತು. ಸರ್ವೀಸ್ ತಪ್ಪಿಸಿದ್ದನ್ನು ಮುಚ್ಚಿಹಾಕಲು ಮೀಟರ್ ಹಿಂದಕ್ಕೆ ತಿರುಗಿಸಿದ್ದಾಳೆಂದು ಅಂದೇ ಪಂಪ್‌ಹೌಸಿನ ಬೀಗದ ಕೈ ಕಿತ್ತುಕೊಂಡು ಕೆಲಸದಿಂದ ನಿಲ್ಲಿಸಿದರು. ಸೊನ್ನೆಗಿಂತ ಕಡಿಮೆ ಗಂಟೆ ಓಡುವ ಪಂಪು ಯಾವ ಲೋಕದಲ್ಲಿದೆ ಎಂದು ಕೇಳುವ, ಹೋಗಿ ಗೋಡೆಯ ಮೀಟರ್ ನೋಡುವ ಪುರುಸೊತ್ತು ಒಬ್ಬರಿಗೂ ಇರಲಿಲ್ಲ. ದಿನದಿನದ ರೀಡಿಂಗ್ ಬರೆದ ಪುಸ್ತಕ ತೋರಿಸಿದರೆ, "ಕೈಬರಹ ಯಾರು ಬೇಕಾದ್ರೂ ಬರೀಬಹುದಮ್ಮಾ" ಎಂದು ಪಕ್ಕಕ್ಕೆ ತಳ್ಳಿದ್ದರು.

ಕಂಪ್ಯೂಟರ್ ವಿಭಾಗದ ಹುಡುಗಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಒಳಗೆ ಬಂದಳು.

"ಅಕ್ಕ ಹೇಳ್ತಿರೋದು ನಿಜ ಸಾರ್. ಮೀಟರಿನ ಪ್ರೋಗ್ರಾಮ್ ಒಂದು ಭಾಷೇಲಿದೆ, ನಮ್ಮ ಆಫೀಸಿಂದು ಇನ್ನೊಂದರಲ್ಲಿ. ಅದು ಗಂಟೆ ಲೆಕ್ಕಾನ ಕೊಡದಲ್ಲಿ ತಂದು ಸುರಿಯುತ್ತೆ, ಇದು ಲೋಟದಲ್ಲಿ ಹಿಡೀತಾ ಇದೆ. ಮೂವತ್ತೆರಡು ಸಾವಿರದ ಏಳ್ನೂರ ಅರವತ್ತೇಳರ ತನಕ ಹಿಡಿಸುತ್ತೆ. ಅದರ ಮೇಲೆ ಒಂದೇ ಒಂದು ಗಂಟೆ ಆದ್ರೂ ಲೆಕ್ಕ ತಲೆಕೆಳಗಾಗಿ ಮೈನಸ್ಸಿಗೆ ಬೀಳುತ್ತೆ."

"ಹಾಗಿದ್ರೆ ಇಷ್ಟು ವರ್ಷ ಬೇರೆ ಯಾವ ಪಂಪಿಗೂ ಯಾಕಾಗಿಲ್ಲ?"

"ಬೇರೆ ಯಾವ ಪಂಪೂ ಅಷ್ಟು ದಿನ ಬದುಕಿಲ್ಲ ಸಾರ್. ಎಲ್ಲ ಇಪ್ಪತ್ತು ಸಾವಿರದೊಳಗೇ ಸುಟ್ಟುಹೋಗಿವೆ."

ಪಂಪಕ್ಕನ ಮೈಯೆಲ್ಲ ಉರಿದುಹೋಯಿತು. ಕೆಡಿಸಿದವರೆಲ್ಲ ಹಾಯಾಗಿದ್ದರು, ಚೆನ್ನಾಗಿ ನೋಡಿಕೊಂಡ ತಪ್ಪಿಗೆ ಅವಳು ಕಳ್ಳಿ ಎನಿಸಿಕೊಂಡಿದ್ದಳು. ಮೇಲಧಿಕಾರಿ ಗಂಟಲು ಸರಿಮಾಡಿಕೊಂಡು ಒಂದು ಹಾಳೆ ಮುಂದೆ ಸರಿಸಿದರು: ನೌಕರಳಿಗೆ ಎಚ್ಚರಿಕೆ ನೀಡಿ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ.

"ಎಚ್ಚರಿಕೆ ಯಾಕೆ ಸಾರ್? ಲೋಟ ಇಟ್ಟೋಳು ನಾನಾ?"

"ಅದೆಲ್ಲ ಬರೀ ಪದ್ಧತಿ ಕಣಮ್ಮಾ. ಸೈನ್ ಹಾಕಿ ಹೋಗು."

"ನಿಮ್ಮ ಪದ್ಧತಿಗೆ ನನ್ನ ಮುಖಕ್ಕೆ ಮಸಿ ಬಳೀಬೇಕಾ? ನಂದು ತಪ್ಪಿಲ್ಲ ಅಂತ ಬರೀರಿ. ಅಲ್ಲೀವರೆಗೂ ಇಲ್ಲಿಂದ ಕದಲಲ್ಲ."

ಅವಳು ಕುರ್ಚಿ ಎಳೆದು ಕೂತೇಬಿಟ್ಟಳು. ಹುಡುಗಿ ನಗು ತಡೆಯಲು ಕಿಟಕಿ ಕಡೆ ತಿರುಗಿದಳು. ಅರ್ಧ ಗಂಟೆ ಕಳೆದ ಮೇಲೆ ಮೇಲಧಿಕಾರಿ ಸಾಲು ಹೊಡೆದುಹಾಕಿ, ಮುಖ ಗಂಟಿಕ್ಕಿಕೊಂಡೇ ಬೇರೆ ಬರೆದು, ಅವಳ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು.

ಹಾಳೆಯನ್ನು ನಾಲ್ಕಾಗಿ ಮಡಚಿ ರವಿಕೆಯೊಳಗೆ ಸೇರಿಸಿಕೊಂಡು ಅವಳು ಪಂಪ್‌ಹೌಸಿಗೆ ನಡೆದಳು. ತಿರುವಿನಲ್ಲಿ ಯಾವಾಗಲೂ ಕೇಳುವ ಪಂಪಿನ ಗುಂಯ್‌ಗುಡುವ ಸದ್ದು ಕೇಳಲಿಲ್ಲ. ಹೆಜ್ಜೆ ತಾನಾಗಿ ಬಿರುಸಾಯಿತು.

ಅವಳ ಜಾಗಕ್ಕೆ ಹಾಕಿದ್ದ, ಕಚೇರಿಯ ಸ್ಟೋರ್‌ರೂಮಿನವನು ಬಾಗಿಲಲ್ಲೇ ಕೂತಿದ್ದ. "ಬೆಳಿಗ್ಗೆ ಕಿರ್ರ್ ಅಂತು ಅಕ್ಕ, ಹೊಗೆ ಬಂತು, ನಿಂತುಹೋಯ್ತು."

"ಗ್ರೀಸ್ ಹಾಕಿದ್ಯಾ?"

"ನಾನು ದಿನಾ ನೋಡ್ತಿದ್ದೆ ಅಕ್ಕ. ಕಂಪ್ಯೂಟರಿನಲ್ಲಿ ಹಸಿರು ತೋರಿಸ್ತಿತ್ತು, ಸರ್ವೀಸ್ ಬಾಕಿ ಇಲ್ಲ ಅಂತ. ಗಂಟೆ ಮೈನಸ್ ಇತ್ತಲ್ಲ, ಗ್ರೀಸ್ ಹಾಕೋ ಗಂಟೆ ಬರಲೇ ಇಲ್ಲ."

ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ, ಅವನನ್ನು ದಾಟಿ ಒಳಗೆ ಹೋದಳು. ಇವನನ್ನು ಬೈದು ಏನು ಬಂತು, ಬೈಸಿಕೊಳ್ಳಬೇಕಾದವರು ಫ್ಯಾನಿನ ಕೆಳಗೆ ಕೂತಿದ್ದರು. ಒಳಗೆ ಸುಟ್ಟ ಎಣ್ಣೆಯ ವಾಸನೆ ಇತ್ತು. ಬೇರಿಂಗಿನ ಸುತ್ತ ಲೋಹ ನೀಲಿಗಟ್ಟಿ ಕಪ್ಪಾಗಿತ್ತು. ಅವಳು ಕೈಯ ಹಿಂಬದಿ ತಾಗಿಸಿದಳು. ತಣ್ಣಗಿತ್ತು.

ಗೋಡೆಯ ಮೀಟರಿನಲ್ಲಿ ೩೨,೯೧೧ ನಿಂತಿತ್ತು, ಮೈನಸ್ ಗೀನಸ್ ಏನೂ ಇಲ್ಲದೆ. ಅವಳು ಕೆಳಗೆ ಕೂತು ಕಂಕುಳಲ್ಲಿದ್ದ ರೀಡಿಂಗ್ ಪುಸ್ತಕ ತೆರೆದಳು. ಹನ್ನೊಂದು ದಿನದ ಹನ್ನೊಂದು ಸಾಲು ಖಾಲಿ ಇದ್ದವು. ಪೆನ್ಸಿಲ್ ತುದಿ ನಾಲಿಗೆಗೆ ಒತ್ತಿಕೊಂಡು ಮೊದಲ ಸಾಲಿನಲ್ಲಿ ‘ನಾನಿರಲಿಲ್ಲ’ ಎಂದು ಬರೆದಳು. ಎರಡನೆಯದರಲ್ಲೂ ಅದನ್ನೇ ಬರೆದಳು. ಮೂರನೆಯದಕ್ಕೆ ಬರುವ ಹೊತ್ತಿಗೆ ಹೊರಗೆ ಖಾಲಿ ಕೊಡಗಳ ಸದ್ದು ಕೇಳತೊಡಗಿತ್ತು.