ನೆಲಮಾಳಿಗೆಯ ಫೋನು

ತನ್ನದು ಕೀರಲು ದನಿ ಎಂಬ ಕೊರಗು ಅವಳಿಗೆ. ಯಾರ ಹತ್ತಿರವೂ ಹೇಳಿಕೊಂಡದ್ದಲ್ಲ, ತನಗೆ ತಾನೇ ಹೇಳಿಕೊಂಡು ಮುದುಡುತ್ತಿದ್ದಳು. ಅಂಥವಳ ದನಿಯನ್ನೇ ಹೋಟೆಲಿನ ಫೋನುಗಳಿಗೆ ರೆಕಾರ್ಡ್ ಮಾಡಿಸಿದ್ದರು: "ಕ್ಷಮಿಸಿ, ಈ ಕರೆಗೆ ನಿಮಗೆ ಅನುಮತಿ ಇಲ್ಲ." ಹೊರಗಿನವರನ್ನು ಯಾಕೆ ಕರೆಸೋದು, ನೀನೇ ಇದ್ದೀಯಲ್ಲ ಅಂದಿದ್ದರು ಮ್ಯಾನೇಜರು.

ಡಿಗ್ರಿ ಮುಗಿಸಿ ಬಂದವಳಿಗೆ ಸಿಕ್ಕಿದ್ದು ಅಲ್ಲಿನ ಇಂಟರ್ನೆಟ್ ಫೋನುಗಳನ್ನು ನೋಡಿಕೊಳ್ಳುವ ಕೆಲಸ. ಯಾವ ಫೋನಿನಿಂದ ಎಲ್ಲಿಗೆ ಕರೆ ಹೋಗಬೇಕು ಎನ್ನುವುದು ಕಂಪ್ಯೂಟರಿನಲ್ಲಿ ಒಂದು ಗುರುತು, ಅಷ್ಟೇ. ಮ್ಯಾನೇಜರ ಫೋನಿಗೆ ಹೊರದೇಶವೂ ಉಂಟು. ಅತಿಥಿಗಳ ಕೋಣೆಗೆ ಊರೆಲ್ಲ. ನೆಲಮಾಳಿಗೆಯ ಲಾಂಡ್ರಿಗೆ ಒಳಗಡೆ ಮಾತ್ರ. ಅಲ್ಲಿಂದ ಹೊರಗೆ ಮಾತಾಡಬೇಕಾದರೆ ಸೊನ್ನೆ ಒತ್ತಿ ರಿಸೆಪ್ಷನ್‌ನವಳನ್ನು ಬೇಡಬೇಕು. ಲಾಂಡ್ರಿಯವರ ಮೊಬೈಲುಗಳೆಲ್ಲ ಗೇಟಿನಲ್ಲಿ ಬೀಗದೊಳಗೆ.

"ಆಂಬುಲೆನ್ಸ್ ನಂಬರೊಂದಾದ್ರೂ ಬಿಡೋಣವಾ ಸಾರ್?" ಎಂದು ಒಮ್ಮೆ ಮ್ಯಾನೇಜರನ್ನು ಮೆಲ್ಲಗೆ ಕೇಳಿದ್ದಳು.

"ಇವತ್ತು ಆಂಬುಲೆನ್ಸು, ನಾಳೆ ತವರುಮನೆ. ಸೊನ್ನೆ ಇದೆಯಲ್ಲ, ಒತ್ತಲಿ."

ಲಾಂಡ್ರಿಯ ಹೆಂಗಸರು ಅವಳನ್ನು ಫೋನಮ್ಮ ಅನ್ನುತ್ತಿದ್ದರು. ಹೆಸರಿಟ್ಟವಳು ಚಾದರ ಇಸ್ತ್ರಿ ಮಾಡುವ ಯಂತ್ರದ ದೊಡ್ಡಕ್ಕ.

"ಫೋನೊಳಗೆ ಅಷ್ಟು ಗತ್ತಿನಿಂದ ಇಲ್ಲ ಅಂತೀಯ, ಎದುರಿಗೆ ಬಂದ್ರೆ ನಾಲಿಗೆ ಎಲ್ಲಿ ಅಡವಿಡ್ತೀಯೇ ಫೋನಮ್ಮ?"

ಎಲ್ಲರೂ ಗೊಳ್ಳೆನ್ನುತ್ತಿದ್ದರು. ಫೋನಮ್ಮನೂ ನಗುತ್ತಿದ್ದಳು, ತಲೆ ತಗ್ಗಿಸಿಕೊಂಡು.

ಹೋದ ವಾರ ಆ ಯಂತ್ರದ ಹಬೆ ಕೊಳವೆ ಸಿಡಿಯಿತು. ದೊಡ್ಡಕ್ಕನ ಮುಖ, ಎದೆ ಬೆಂದುಹೋದವು. ಪಕ್ಕದಲ್ಲೇ ಟವೆಲು ಮಡಿಸುತ್ತಿದ್ದ ಅವಳ ಸ್ವಂತ ತಂಗಿ ಓಡಿ ಸೊನ್ನೆ ಒತ್ತಿದಳು. ಮೇಲೆ ರಿಸೆಪ್ಷನ್ ತುಂಬ ಅತಿಥಿಗಳು. ಅವರೆದುರು ಕೆಳಗಿನ ಕರೆ ಎತ್ತಕೂಡದೆಂದು ಮ್ಯಾನೇಜರ ಕಟ್ಟಪ್ಪಣೆ. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ತಂಗಿ ನೇರ ಆಂಬುಲೆನ್ಸಿಗೇ ಒತ್ತಿದಳು.

"ಕ್ಷಮಿಸಿ, ಈ ಕರೆಗೆ ನಿಮಗೆ ಅನುಮತಿ ಇಲ್ಲ."

ಮತ್ತೆ ಒತ್ತಿದಳು. ಮತ್ತೆ ಕ್ಷಮಿಸಿ.

"ಫೋನಮ್ಮ, ನಾನು ಕಣೇ, ಬಿಡೇ! ಅಕ್ಕ ಸಾಯ್ತಾಳೆ, ಬಿಡೇ!" ಎಂದು ರೆಕಾರ್ಡಿಗೆ ಅಂಗಲಾಚಿದಳಂತೆ. ಮೆಟ್ಟಿಲು ಹತ್ತಿ ಓಡಿದರೆ, ಒದ್ದೆ ಬಟ್ಟೆಯಲ್ಲಿ ಅತಿಥಿಗಳ ಮುಂದೆ ಹೋಗ್ತೀಯಾ ಎಂದು ಕಾವಲಿನವನು ಬಾಗಿಲಲ್ಲೇ ತಡೆದ. ಕೊನೆಗೆ ಮೇಲಿನವರು ಕರೆಸಿದ ಆಂಬುಲೆನ್ಸ್ ಬರುವಷ್ಟರಲ್ಲಿ ದೊಡ್ಡಕ್ಕನ ನರಳಾಟ ನಿಂತಿತ್ತು.

ಇವತ್ತು ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆಗೆ ಬರುವವರಿದ್ದರು. ಬೆಳಿಗ್ಗೆಯೇ ಮ್ಯಾನೇಜರು ಫೋನಮ್ಮನ ಮೇಜಿಗೆ ಒರಗಿ ನಿಂತರು.

"ಕೆಳಗಿನ ಫೋನಿಗೆ ಹೊರಗಿನ ಲೈನ್ ಬಿಡಮ್ಮ."

"ಈಗಲಾ ಸಾರ್?"

"ಈಗಲೇ. ಬಿಟ್ಟು ಬಾಯಿ ಮುಚ್ಚಿಕೊಂಡಿರು. ಅದೇನು ನಿನಗೆ ಕಷ್ಟವಲ್ಲ."

ಒಂದು ಕ್ಲಿಕ್. ಲೈನ್ ಬಿಟ್ಟಾಯಿತು. ಅವತ್ತೂ ಇಷ್ಟೇ ಸಾಕಿತ್ತಲ್ಲ ಎಂದುಕೊಂಡಳು.

ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಲಾಂಡ್ರಿಗಿಳಿದರು, ಹಿಂದೆ ಮ್ಯಾನೇಜರು, ಫೋನಮ್ಮ. ಗೋಡೆಯ ಫೋನೆತ್ತಿ ಒತ್ತಿದರು. "ಆಂಬುಲೆನ್ಸ್, ಹೇಳಿ" ಎಂದದ್ದು ಸಾಲಾಗಿ ನಿಂತ ಹೆಂಗಸರಿಗೆಲ್ಲ ಕೇಳಿಸಿತು.

"ಹೋಗ್ತಿದೆಯಲ್ಲರೀ!"

"ಅವತ್ತು ಹೋಗ್ಲಿಲ್ಲ ಸ್ವಾಮಿ," ಎಂದಳು ತಂಗಿ. "ಎಷ್ಟು ಸಲ ಒತ್ತಿದೆ..."

"ಗಾಬರೀಲಿ ಏನೋ ಒತ್ತಿರ್ತಾಳೆ," ಮ್ಯಾನೇಜರು ನಿಟ್ಟುಸಿರಿಟ್ಟರು. "ಪಾಪ, ಕೈಯಾರೆ ಅಕ್ಕನ್ನ ಕೊಂದ ಹಾಗಾಯ್ತು."

"ಸರಿ ಬಿಡಿ. ಇವಳದೇ ನಿರ್ಲಕ್ಷ್ಯ ಅಂತ ಬರ್ಕೋತೀನಿ. ಹೋಟೆಲಿನದೇನೂ ತಪ್ಪಿಲ್ಲ."

ಮ್ಯಾನೇಜರು ಫೋನಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ನಂಬಿಕೆ ಅವರಿಗೆ.

ತಂಗಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಪಕ್ಕದವಳ ಸೆರಗು ಜಗ್ಗಿದಳು. "ನಾನು ತಪ್ಪು ಒತ್ತಿದ್ನಾ? ಅಕ್ಕನ್ನ ನಾನೇ ಕೊಂದ್ನಾ?"

ಅವಳು ನಂಬತೊಡಗಿದ್ದಳು.

"ಇಲ್ಲ, ನೀನು ಸರಿಯಾಗೇ ಒತ್ತಿದ್ದೆ!" ಫೋನಮ್ಮ ಕೂಗಿದಳು. ಎಲ್ಲರೂ ತಿರುಗಿದರು. "ಈ ಫೋನಿಗೆ ಲೈನ್ ಬಿಟ್ಟಿದ್ದು ಇವತ್ತು ಬೆಳಿಗ್ಗೆ. ಬಿಟ್ಟೋಳು ನಾನು, ಬಿಡ್ಸಿದ್ದು ಇವರು."