ಪರಸಪ್ಪ ಸುಗ್ಗಿಗೆ ಬರಲಿಲ್ಲ

ಬರೆಸಬೇಕೋ, ಬಿಡಬೇಕೋ? ಅಂಚೆ ಕಾರ್ಡಂತೂ ಕೊಂಡದ್ದಾಗಿದೆ. ಬರೆಸಿದರೆ ನಾಡಿದ್ದು ಹುಬ್ಬಳ್ಳಿ ಮುಟ್ಟುತ್ತದೆ, ಮರುದಿನದ ಗಾಡಿಗೆ ಮಗ ಪರಸಪ್ಪ ಬಂದಿಳಿಯುತ್ತಾನೆ. ಎರಡು ವಾರ ಇದ್ದರೆ ಜೋಳ ಕಿತ್ತು, ತೆನೆ ಮುರಿದು, ಕಣದ ಕೆಲಸವೂ ಮುಗಿಯುತ್ತದೆ. ಬಿ.ಎ. ಕಡೆಯ ವರ್ಷ ಎನ್ನುತ್ತಾನೆ, ನಿಜ. ಆದರೆ ಕಾಲೇಜು ಎಲ್ಲಿಗೆ ಓಡಿಹೋಗುತ್ತದೆ? ಜೋಳ ಹಾಗಲ್ಲ, ನಿಂತಲ್ಲೇ ಬಿಟ್ಟರೆ ಹಕ್ಕಿಗಳ ಪಾಲು. ಆದರೂ ಹೋದ ಸಲ ಕರೆಸಿದಾಗ, ತಿರುಗಿ ರೈಲು ಹತ್ತುವ ಹೊತ್ತಿಗೆ, ಹುಡುಗ ಏನೋ ಹೇಳಲು ಬಂದು ಯಾಕೆ ನುಂಗಿಕೊಂಡ?

ಗುಡಗೇರಿಯ ಹುಲಿಗೆಪ್ಪ ಹೀಗೆ ತನ್ನೊಳಗೇ ಎಳೆದಾಡುತ್ತ ಬಂದು ಮಹಾದೇವಕ್ಕನ ಕಟ್ಟೆಯ ಮೇಲೆ ಕೂತ. ಮಹಾದೇವಕ್ಕ ಊರಿನ ಕನ್ನಡ ಸಾಲೆಯ ಶಿಕ್ಷಕಿ. ಎಲ್ಲರ ಬಾಯಲ್ಲೂ ‘ಅಕ್ಕಾರು’. ಇಷ್ಟು ದಿನ ಹುಲಿಗೆಪ್ಪ ಕಿರಾಣಿ ಅಂಗಡಿಯವನ ಕೈಯಲ್ಲಿ ಕಾಗದ ಬರೆಸುತ್ತಿದ್ದ. ಅವನು ಪರವೂರಿಗೆ ಹೋಗಿದ್ದರಿಂದ ಇವತ್ತು ಇಲ್ಲಿಗೆ ಬಂದಿದ್ದ. ಹುಲಿಗೆಪ್ಪನ ಹೆಂಡತಿ ಹನಮವ್ವನೂ ಅಕ್ಕಾರಿಗೆಂದು ಹಸಿ ಕಡಲೆ ತಂದು, ಅಲ್ಲೇ ಸುಲಿಯುತ್ತ ಕೂತಿದ್ದಳು.

“ಬರಕೊಳ್ರಿ ಅಕ್ಕಾರ. ‘ಚಿರಂಜೀವಿ ಪರಸಪ್ಪಗ ಆಶೀರ್ವಾದ. ನಿಮ್ಮವ್ವಗ ಭಾಳ ಜಡ್ಡಾಗೇತಿ. ಕಾರ್ಡು ಕಂಡ ಕೂಡಲೇ ಹೊರಟು ಬರೂದು.’”

ಹನಮವ್ವನ ಕೈ ನಿಂತಿತು. “ನನಗೇನಾಗೇತಿ?”

“ನಿನಗೇನೂ ಆಗಿಲ್ಲ, ಸುಮ್ನಿರು. ಜಡ್ಡು ಅಂದ್ರನ ಹಾಸ್ಟೆಲಿನ ಸಾಹೇಬ್ರು ರಜಾ ಕೊಡೂದು.”

“ಹಂಗಾರ ಬಿತ್ತಗಿಗೆ ಕರಸಿದಾಗ?”

“ಆಗ ನಿನಗ ಚಳಿಜ್ವರ ಬಂದಿತ್ತು.”

“ಎಳ್ಳಮಾಸಿಗೆ?”

ಹುಲಿಗೆಪ್ಪ ಕೆಮ್ಮಿದ. “ಬಾವಿ ಕಟ್ಟಿ ಮ್ಯಾಲಿಂದ ಬಿದ್ದಿದ್ದಿ. ಕಾಲು ಮುರದಿತ್ತು.”

“ಅದಕ್ಕನ! ಹುಡುಗ ಬಂದವನ ನನ್ನ ಕಾಲು ಹಿಡಕೊಂಡ. ನಮಸ್ಕಾರ ಮಾಡಾಕತ್ತಾನ ಅಂತ ತಿಳದು ನಾನು ತಲಿ ಮ್ಯಾಲ ಕೈ ಇಟ್ಟು ಆಶೀರ್ವಾದ ಮಾಡಿದೆ!”

ಮಹಾದೇವಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕಾದ ಮೇಲೆ ಪೆನ್ನಿನ ಟೊಪ್ಪಿಗೆ ಮುಚ್ಚಿ ಬಾಜುವಿಗೆ ಇಟ್ಟಳು.

“ಯಾಕ್ರಿ ಅಕ್ಕಾರ?”

“ಈ ಕಾರ್ಡು ನಾ ಬರಿಯೂದಿಲ್ಲ, ಹುಲಿಗೆಪ್ಪಣ್ಣ. ರವಿವಾರ ಹುಬ್ಬಳ್ಳಿಗೆ ಹೋದಾಗ ಪರಸಪ್ಪ ಸಿಕ್ಕಿದ್ದ. ಕಾಲೇಜಿನ್ಯಾಗ ದಿನಾ ಹಾಜರಿ ತಗೋತಾರ. ನೂರು ಪಾಠ ಆದ್ರ ಎಪ್ಪತ್ತೈದಕ್ಕರ ಕುಂತಿರಬೇಕು. ಕಡಿಮಿ ಬಿತ್ತು ಅಂದ್ರ ಟರ್ಮ್ ಕೊಡೂದಿಲ್ಲ, ಪರೀಕ್ಷಾಕ್ಕ ಕೂಡಸೂದಿಲ್ಲ. ನಿಮ್ಮ ಹುಡುಗ ಈಗ ಅಗದಿ ಅಂಚಿನ ಮ್ಯಾಲ ನಿಂತಾನ. ಇನ್ನೊಂದು ವಾರ ತಪ್ಪಿಸಿದ್ರ ಈ ವರ್ಷ ಹೋತು.”

“ಹೋದ್ರ ಹೋತ್ರಿ. ಮತ್ತೊಂದು ವರ್ಷ ಕಲೀಲಿ. ಹೆಚ್ಚಿಗಿ ಕಲತ್ರ ಹೆಚ್ಚಿಗಿ ಶಾಣ್ಯಾ ಆಗ್ತಾನ.”

“ಅದ ಪಾಠ ಎರಡು ಸರ್ತಿ ಕೇಳಿ ಯಾರೂ ಶಾಣ್ಯಾ ಆಗೂದಿಲ್ಲಣ್ಣ, ಸಾಲಗಾರ ಆಗ್ತಾರ. ಈಗ ಅಂವಗ ಸರಕಾರದ ಸ್ಕಾಲರ್‌ಶಿಪ್ಪು ಐತಿ, ಹಾಸ್ಟೆಲಿನ್ಯಾಗ ಊಟ ಐತಿ. ವರ್ಷ ಕಳಕೊಂಡ್ರ ಎರಡೂ ನಿಲ್ಲತಾವು. ಆಮ್ಯಾಲ ಖೋಲಿ ಬಾಡಿಗಿ, ಖಾನಾವಳಿ, ಫೀ, ಎಲ್ಲಾ ನಿಮ್ಮ ಮೈಮ್ಯಾಲ. ಎಲ್ಲಿಂದ ತರ್ತೀರಿ?”

“ಜ್ವಾಳ ಮಾರೂ ಅಡತಿ ಅಂಗಡ್ಯಾಗ ಸಾಲ ಎತ್ತತೇನಿ.”

“ಅಡತಿಯವರು ಬಡ್ಡಿ ಬಿಡ್ತಾರೇನು? ನೋಡ್ರಿ, ಎರಡು ವಾರದ ಕೂಲಿ ಉಳಿಸಾಕ ಹೋಗಿ ಇಡೀ ವರ್ಷದ ಖರ್ಚು ಎಳಕೋತೀರಿ. ನೌಕರಿನೂ ಅಷ್ಟ ಹಿಂದ ಬೀಳತೈತಿ. ನನ್ನ ತಮ್ಮಂದು ಹಿಂಗ ಆತು. ಮೂರು ವರ್ಷದ ಬಿ.ಎ. ಐದು ವರ್ಷ ಓದಿದ. ಡಿಗ್ರಿ ಬಂದ ದಿನ ಮನ್ಯಾಗ ಯಾರೂ ನಗಲಿಲ್ಲ.”

ಹುಲಿಗೆಪ್ಪ ಕಾರ್ಡನ್ನು ಮೊಣಕಾಲಿನ ಮೇಲೆ ತಿರುವಿ ತಿರುವಿ ಇಟ್ಟ. “ನನಗ್ಯಾಕ ಹೇಳಲಿಲ್ಲ ಅಂವಾ?”

“ನೀವು ಕೇಳಿದ್ರೇನು?”

ತಂದೆ ಮಗ ಕೂತರೆ ಎತ್ತಿನ ಮಾತು ಬರುತ್ತಿತ್ತು, ಮಳೆಯ ಮಾತು ಬರುತ್ತಿತ್ತು. ಕಾಲೇಜಿನ ಮಾತು ಬಂತೆಂದರೆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಏನು ಕೇಳಬೇಕೋ ಒಬ್ಬನಿಗೆ ತಿಳಿಯದು, ಎಲ್ಲಿಂದ ಹೇಳಬೇಕೋ ಇನ್ನೊಬ್ಬನಿಗೆ ತಿಳಿಯದು.

“ಎಲ್ಲಾ ಖರೇರಿ ಅಕ್ಕಾರ,” ಎಂದ ಹುಲಿಗೆಪ್ಪ. “ಆದ್ರ ಜ್ವಾಳ ಯಾರು ಕೀಳೋರು?”

ಹುಲಿಗೆಪ್ಪನ ಬಾಜು ಹೊಲದ ಶರೀಫಸಾಬ ಎತ್ತು ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದವನು, ಆಗಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಇಬ್ಬರೂ ಒಟ್ಟಿಗೆ ಗೋಲಿ ಆಡಿ ಬೆಳೆದವರು.

“ಲೇ ಹುಲಿಗ್ಯಾ, ಊರಾಗ ನಾವೆಲ್ಲಾ ಸತ್ತೇವೇನು? ನನ್ನ ಜ್ವಾಳ ಇನ್ನೂ ಹಸಿ ಐತಿ. ಮೊದಲ ನಿಂದು ಕಿತ್ತು ಹಾಕೂಣು, ಆಮ್ಯಾಲ ನಂದು. ಮುಯ್ಯಿ ಅಂತ ಇರೂದು ಯಾತಕ್ಕ?”

ಮುಯ್ಯಿ ಆ ಸೀಮೆಯಲ್ಲಿ ಎಲ್ಲರೂ ಬಲ್ಲ ಪದ್ಧತಿ. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಕೂಲಿಯ ಮಾತಿಲ್ಲ.

“ಎಷ್ಟು ಆಳು ಬಂದ್ರ ಅಷ್ಟು ಆಳು ತಿರುಗಿ ಕಳಸಬೇಕಲ್ಲೋ. ಪರಸ್ಯಾನ ಪಾಲಿನ ಮುಯ್ಯಿ ಯಾರು ತೀರಸಾವ್ರು?”

“ಅವನ ತೀರಸ್ತಾನ. ಪರೀಕ್ಷಾ ಮುಗಿಸಿ ಬಂದು ಬ್ಯಾಸಗ್ಯಾಗ ನನ್ನ ಹೊಲಕ್ಕ ಗೊಬ್ಬರ ಹೇರ್ಲಿ. ಬಿ.ಎ. ಓದಿದವ ಹೇರಿದ ಗೊಬ್ಬರಕ್ಕ ನನ್ನ ಜ್ವಾಳ ಇಂಗ್ಲೀಷ್ ಮಾತಾಡತಾವೇನು ನೋಡೂಣು!”

ಹನಮವ್ವ ಕಡಲೆ ಸಿಪ್ಪೆ ಕೊಡವಿ ಎದ್ದಳು. “ಕೊಂಡ ಕಾರ್ಡು ಹಾಳ ಮಾಡಬ್ಯಾಡ್ರಿ ಅಕ್ಕಾರ. ನಾ ಹೇಳತೇನಿ, ಬರೀರಿ. ‘ನಿಮ್ಮವ್ವ ಕಲ್ಲಿನಂಗ ಗಟ್ಟಿ ಅದಾಳ. ಇದಕ್ಕಿಂತ ಮೊದಲೂ ಗಟ್ಟಿನ ಇದ್ದಳು. ನೀ ಬರಬ್ಯಾಡ. ಪಾಠಕ್ಕ ಕುಂಡ್ರು.’”

ಮಹಾದೇವಕ್ಕ ನಗುತ್ತ ಹಾಗೆಯೇ ಬರೆದಳು. ಕೊನೆಯಲ್ಲಿ ಎರಡು ಬೆರಳಷ್ಟು ಜಾಗ ಉಳಿಯಿತು. “ನಿಮ್ಮದೇನರ ಬರೀಲೇನಣ್ಣ?” ಎಂದಳು.

ಹುಲಿಗೆಪ್ಪ ಬಗ್ಗಿ ಆ ಖಾಲಿ ಜಾಗವನ್ನು ಬೆರಳಿನಿಂದ ಅಳೆದ. “ಜ್ವಾಳ ಚಲೋ ಬಂದಾವು ಅಂತ ಬರೀರಿ,” ಎಂದ.

ನಾಲ್ಕು ಮನೆಯವರು ಕೂಡಿ ಹೊಲಕ್ಕಿಳಿದರು. ಶರೀಫಸಾಬನ ಹೆಂಡತಿ ಜುಲೇಖಾಬಿ ಸಾಲಿನ ತುದಿಯಲ್ಲಿ ನಿಂತು ಹನಮವ್ವನನ್ನು, “ಈಗ ಕಾಲು ಹೆಂಗೈತಿ ಯವ್ವಾ? ಕುಂಟಗೋಂತ ಬಾ ಮತ್ತ,” ಎಂದು ಕಾಡಿದಳು. ಹುಲಿಗೆಪ್ಪ ಹೆದರಿದ್ದಕ್ಕಿಂತ ಬೇಗನೆ ಜೋಳ ಕಣಕ್ಕೆ ಬಂತು.

ಶರೀಫಸಾಬನ ಜೋಳವೂ ಮುಗಿದ ಮೇಲೆ ಹುಲಿಗೆಪ್ಪ ಒಂದು ಮುಂಜಾನೆ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹುಬ್ಬಳ್ಳಿಯ ಗಾಡಿ ಹತ್ತಿದ. ಕಾಲೇಜು ಮುಟ್ಟಿದಾಗ ಪಾಠ ನಡೆದಿತ್ತು. ಕಿಟಕಿಯೊಳಗಿಂದ ಪರಸಪ್ಪ ಕಂಡ. ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದ, ನಡುನಡುವೆ ಮೇಲೆ ನೋಡುತ್ತಿದ್ದ.

“ಯಾರು ಬೇಕ್ರಿ? ಕರೀಲೇನು?” ಎಂದ ಜವಾನ.

“ಬ್ಯಾಡ್ರಿ, ಬ್ಯಾಡ್ರಿ. ಪಾಠ ಮುಗೀಲಿ.”

ಗಂಟೆ ಹೊಡೆಯಿತು. ಹೊರಗೆ ಬಂದ ಪರಸಪ್ಪ ಅಪ್ಪನನ್ನು ಕಂಡವನೇ ಓಡಿಬಂದ.

“ಅಪ್ಪಾ! ಅವ್ವಗ ಏನಾತು?”

“ಏನೂ ಆಗಿಲ್ಲೋ. ರೊಟ್ಟಿ ಕೊಟ್ಟು ಕಳಿಸ್ಯಾಳ.” ಹುಲಿಗೆಪ್ಪ ಗಂಟು ಕೊಟ್ಟ. ಆಮೇಲೆ ಕೇಳಿದ: “ಹಾಜರಿ ಎಷ್ಟಾತು?”

ಕಾಲೇಜಿನ ಬಗ್ಗೆ ಅಪ್ಪ ಕೇಳಿದ ಮೊದಲ ಮಾತು ಅದು. ಪರಸಪ್ಪ ಮಾತಾಡಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಹಾಜರಿ ಪೂರಾ ಆಗಿದ್ದು, ಯಾವ ವಿಷಯ ಸುಲಭ, ಯಾವುದು ಕಠಿಣ, ಹೋದ ವರ್ಷ ಪಾಸಾದವನಿಂದ ಅರ್ಧ ಬೆಲೆಗೆ ಪುಸ್ತಕ ಕೊಂಡದ್ದು, ಎಲ್ಲ ಹೇಳಿದ. ಹಾಸ್ಟೆಲಿನ ಹುಡುಗರು ಸುತ್ತ ಕೂತು ಮಾತಿನ ನಡುವೆ ಅರ್ಧ ರೊಟ್ಟಿ ಖಾಲಿ ಮಾಡಿದರು. ಹುಲಿಗೆಪ್ಪ ಹೂಂ ಹೂಂ ಎನ್ನುತ್ತ ಕೇಳಿದ. ಅರ್ಥವಾದದ್ದು ಸ್ವಲ್ಪ, ಆದರೂ ಸಂಜೆಯ ಗಾಡಿ ತಡವಾಗಿ ಬಂದದ್ದು ಅವನಿಗೆ ಬೇಸರವೆನಿಸಲಿಲ್ಲ.

ಏಪ್ರಿಲ್‌ನಲ್ಲಿ ಪರಸಪ್ಪ ಪರೀಕ್ಷೆಗೆ ಕೂತ. ಬೇಸಿಗೆಯಲ್ಲಿ ಮುಯ್ಯಿಯ ಲೆಕ್ಕಕ್ಕೆ ಶರೀಫಸಾಬನ ಹೊಲಕ್ಕೆ ಗೊಬ್ಬರ ಹೇರಿ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡ. ಮಳೆಗಾಲದ ಮೊದಲಿಗೆ ಫಲಿತಾಂಶ ಬಂತು. ಎರಡನೇ ದರ್ಜೆಯಲ್ಲಿ ಪಾಸು. ಮೂರು ವರ್ಷದ ಓದು ಮೂರೇ ವರ್ಷಕ್ಕೆ ಮುಗಿದಿತ್ತು. ಅಡತಿ ಅಂಗಡಿಯ ಮೆಟ್ಟಿಲನ್ನು ಹುಲಿಗೆಪ್ಪ ಹತ್ತಬೇಕಾಗಿ ಬರಲಿಲ್ಲ.

ಓದುವ ಮಕ್ಕಳ ತಾಯಿತಂದೆಯರೇ, ನಿಮ್ಮ ಮನೆಯಲ್ಲೂ ಒಬ್ಬ ಪರಸಪ್ಪ ಇರಬಹುದು, ಅಥವಾ ಅವನಂತೆ ಓದುವ ಮಗಳು ಇರಬಹುದು. ಬಿತ್ತನೆಗೆ, ಸುಗ್ಗಿಗೆ, ಮದುವೆಗೆ ಎಂದು ಅವರನ್ನು ತರಗತಿಯಿಂದ ಎಬ್ಬಿಸಿ ಕರೆಸಬೇಡಿ. ನೆರೆಯವರೊಂದಿಗೆ ಮುಯ್ಯಿ ಮಾಡಿಕೊಳ್ಳಿ, ರಜೆಯಲ್ಲಿ ಮಕ್ಕಳು ಅದನ್ನು ತೀರಿಸಲಿ. ಕಾಲೇಜು ತೆರೆಯುವ ಮುಂಚೆಯೇ ಸ್ಕಾಲರ್‌ಶಿಪ್ಪು, ಹಾಸ್ಟೆಲು ಎರಡನ್ನೂ ವಿಚಾರಿಸಿ ಅರ್ಜಿ ಹಾಕಿಸಿ. ಹಳೆಯ ಪುಸ್ತಕ ಸಿಕ್ಕರೆ ಹೊಸದು ಬೇಡ. ಮಕ್ಕಳು ಊರಿಗೆ ಬಂದಾಗ ಹಾಜರಿ ಎಷ್ಟಾಯಿತೆಂದು ಒಂದು ಮಾತು ಕೇಳಿ. ಅವರನ್ನು ನೋಡಬೇಕು ಎನಿಸಿದರೆ ರೊಟ್ಟಿ ಕಟ್ಟಿಕೊಂಡು ನೀವೇ ಹೋಗಿಬನ್ನಿ.

ಆ ಸುಗ್ಗಿಯಲ್ಲಿ ಹುಲಿಗೆಪ್ಪನಿಗೆ ಆಳಿನ ಕೊರತೆ ಅಷ್ಟೇನೂ ಇರಲಿಲ್ಲ. ಮಗನಿಲ್ಲದ ಮನೆಯಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ, ಕಾರ್ಡು ಕೊಂಡದ್ದು ಅದಕ್ಕೇ. ಅದನ್ನು ಅವನು ಅಕ್ಕಾರಿಗೂ ಹೇಳಲಿಲ್ಲ, ಹನಮವ್ವನಿಗೂ ಹೇಳಲಿಲ್ಲ, ಪರಸಪ್ಪನಿಗಂತೂ ಎಂದೂ ಹೇಳಲಿಲ್ಲ.