ನಕ್ಷೆಯಿಲ್ಲದ ಎರಡು ರೂಪಾಯಿ

ಘೇಂಡಾಮೃಗದ ಕೊಂಬಿನ ಮೇಲೆ ಒಂದು ಇರುವೆ, ಭೂತಗನ್ನಡಿಯ ಕೆಳಗೆ ಎರಡೂ ಒಂದೇ ಗಾತ್ರ, ಊದಿದೆ, ಇರುವೆ ಹೋಯಿತು, ಇಪ್ಪತ್ತೈದು ಪೈಸೆ ಉಳಿಯಿತು — ಅಂಚನ್ನು ಯಾರೋ ಬಿಸ್ಕತ್ತಿನ ಹಾಗೆ ಕಚ್ಚಿದ್ದಾರೆ, ಪ್ರಾಣಿಗೆ ಬಾಲವಿಲ್ಲ, ಇದು ಒಂದನೆಯದು, ಪಕ್ಕದಲ್ಲಿ ಮುದ್ರೆ ಒಂದು ಕಡೆಗೆ ಜಾರಿದ ರೂಪಾಯಿ, ಆಮೇಲೆ ಅಚ್ಚು ತಿರುಗಿದ ಐವತ್ತು ಪೈಸೆ, ಹೀಗೆ ಒಂಬತ್ತು, ಒಂಬತ್ತೂ ಟಂಕಸಾಲೆಯಲ್ಲೇ ಆದ ತಪ್ಪುಗಳು, ನಿಜವಾದ ತಪ್ಪುಗಳು, ಹತ್ತನೆಯದನ್ನು ನೋಡಬಾರದು ಎಂದುಕೊಂಡೇ ಅದರ ಮೇಲೆ ಗಾಜು ಹಿಡಿಯುತ್ತೇನೆ. ಎರಡು ರೂಪಾಯಿ. ಒಂದು ಕಡೆ ಸಿಂಹ ಇದೆ, ಇನ್ನೊಂದು ಕಡೆ ದೇಶದ ನಕ್ಷೆ ಇರಬೇಕಾದಲ್ಲಿ ಏನೂ ಇಲ್ಲ, ಇಸವಿಯೂ ಇಲ್ಲ, ನುಣ್ಣಗೆ. ಅದರ ಮುಂದೆ ಚೀಟಿ, ಒಂದು ಬದಿ ಮುದ್ರೆ ಬೀಳದ ನಾಣ್ಯ, ನನ್ನದೇ ಅಕ್ಷರ, ನಿನ್ನೆ ಮಧ್ಯಾಹ್ನದವರೆಗೆ ನಾನೇ ನಂಬಿದ್ದ ಅಕ್ಷರ. ನಿನ್ನೆ ಲ್ಯಾಬಿನ ತಕ್ಕಡಿಯಲ್ಲಿ ಇಟ್ಟೆ, ಆರು ಗ್ರಾಂ ಇರಬೇಕಿತ್ತು, ಐದಕ್ಕಿಂತ ಚೂರು ಜಾಸ್ತಿ. ಮುದ್ರೆ ಬೀಳದಿದ್ದರೆ ಲೋಹ ಎಲ್ಲಿಗೆ ಹೋಗುತ್ತದೆ, ಎಲ್ಲಿಗೂ ಹೋಗುವುದಿಲ್ಲ, ಉಜ್ಜಿದರೆ ಮಾತ್ರ ಹೋಗುತ್ತದೆ. ಹನ್ನೊಂದು ಗಂಟೆಗೆ ಈ ಹಾಲಿಗೆ ಜೋಕಿಮ್ ಸರ್ ಕಾರ್ಕಳದಿಂದ ಬರುತ್ತಾರೆ, ತೀರ್ಪುಗಾರರು, ಇಂಥ ತಪ್ಪಿನ ಹತ್ತು ನಾಣ್ಯ ಇದ್ದರೆ ಮಾತ್ರ ಸ್ಪರ್ಧೆ, ಗೆದ್ದರೆ ಬೆಂಗಳೂರಿನ ಪ್ರದರ್ಶನಕ್ಕೆ, ನಾನು ಘಟ್ಟ ಹತ್ತಿದ್ದು ಬಯಲುಸೀಮೆಯ ನಮ್ಮ ಊರಿನ ಬಸ್ಸಿನಲ್ಲಿ ಮಾತ್ರ. ಅಪ್ಪನೂ ಬರುತ್ತಾನೆ, ಅಲೆವೂರಿನಿಂದ, ಅರ್ಧ ದಿನದ ಕೆಲಸ ಬಿಟ್ಟು. ಚೀಟಿ ಹಾಗೇ ಇರಲಿ ಎಂದರೆ ಸುಳ್ಳು, ನಾಣ್ಯವನ್ನೇ ತೆಗೆದರೆ ಅಪ್ಪ ಕೇಳುತ್ತಾನೆ ನನ್ನ ರೊಕ್ಕ ಎಲ್ಲೈತಿ ಎಂದು, ಇಷ್ಟು ಜನರ ಎದುರು ಅವನಿಗೆ ಏನು ಹೇಳಲಿ.

ಗಾಜು ಕುಂಞಾಲಿ ಕಾಕನದು, ಕಾಪುವಿನ ಅವರ ಹೊಸ ಮನೆಯ ನೆಲಕ್ಕೆ ಅಪ್ಪ ಪಾಲಿಶ್ ಹಾಕಿದ ರಜೆಯಲ್ಲಿ ಕೊಟ್ಟದ್ದು, ನಾನು ಪಾಲಿಶ್ ಕೆಸರು ಬಳಿದು ತೆಗೆಯುತ್ತಿದ್ದೆ, ಅವರು ಜಗುಲಿಯಲ್ಲಿ ಅಂಗಡಿಯ ಚಿಲ್ಲರೆ ಸುರಿದು ಒಂದೊಂದನ್ನೇ ತಿರುಗಿಸುತ್ತಿದ್ದರು — ಎಂತ ನೋಡ್ತಿ, ಬಾ ಇಲ್ಲಿ, ಪುಸ್ತಕದ ಹಾಳೆ ಮಗುಚಿದ ಹಾಗೆ ಮಗುಚು, ಎರಡೂ ಕಡೆ ನೆಟ್ಟಗೆ ನಿಲ್ಲಬೇಕು, ಒಂದು ತಲೆಕೆಳಗಾದರೆ ಅಚ್ಚು ತಿರುಗಿದೆ ಅಂತ ಲೆಕ್ಕ, ಅಂಚು ನೋಡು, ತೂಕ ನೋಡು, ಜನ ಮಾಡಿದ್ದು ಬೇರೆ, ಯಂತ್ರ ಮಾಡಿದ್ದು ಬೇರೆ, ಗೊತ್ತಾಯ್ತಾ ಮಾರಾಯ್ತಿ. ಅದುವರೆಗೆ ನನಗೆ ಯಾರೂ ಏನನ್ನೂ ಇಷ್ಟು ಬಿಡಿಸಿ ಹೇಳಿರಲಿಲ್ಲ, ಮೇಷ್ಟ್ರುಗಳೂ. ಕೆಲಸ ಮುಗಿದ ದಿನ ಗಾಜನ್ನೇ ಕೊಟ್ಟರು, ನನ್ನ ಕಣ್ಣು ಮಂಜಾಗಿದೆ ಮಗಳೇ, ನನ್ನ ಬದಲು ನೀನು ನೋಡು. ಆ ಗಾಜಿನಿಂದಲೇ ಈಗ ನೋಡುತ್ತಿದ್ದೇನೆ, ನುಣ್ಣಗಿನ ಆ ಕಡೆಯಲ್ಲಿ ಕೂದಲಿಗಿಂತ ಸಣ್ಣ ಗೆರೆಗಳು, ಎಂಟರ ಆಕಾರದಲ್ಲಿ ಒಂದರ ಮೇಲೊಂದು, ಈ ಗೆರೆ ನನಗೆ ಗೊತ್ತು, ಹುಟ್ಟಿದಾಗಿನಿಂದ ನೋಡಿದ್ದೇನೆ, ಯಂತ್ರ ಹೋಗದ ಮೂಲೆಯಲ್ಲಿ ಅಪ್ಪ ಕುಕ್ಕರುಗಾಲಲ್ಲಿ ಕೂತು ಕಲ್ಲಿನ ತುಂಡಿನಿಂದ ಕೈಯಲ್ಲೇ ಉಜ್ಜುವಾಗ ಬೀಳುವ ಗೆರೆ. ಮೊದಲು ಒರಟು ಕಲ್ಲು, ಆಮೇಲೆ ನಡುವಿನದು, ಕೊನೆಗೆ ನಯದ್ದು. ಮೂರೂ ಹಾಕಿದ್ದಾನೆ, ಎರಡು ರೂಪಾಯಿಗೆ ಮೂರೂ ಕಲ್ಲು. ಹೋದ ತಿಂಗಳು ಭಾನುವಾರ ಅಲೆವೂರಿನ ನಮ್ಮ ಶೆಡ್ಡಿನಲ್ಲಿ ಕಿಸೆಯಿಂದ ತೆಗೆದು ಕೊಟ್ಟಾಗ ಕೇಳಿದ್ದು ಒಂದೇ, ಇದು ನಡೀತೈತೇನವ್ವಾ ಜಯಮಾಲಾ, ನಾನು ಹತ್ತು ತುಂಬಿತು ಎಂದು ಕುಣಿದೆ, ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ, ಒಲೆಯ ಹತ್ತಿರ ಅವ್ವ ನಕ್ಕಳು, ಮಂದಿ ಮಕ್ಕಳು ಬಂಗಾರ ಕೇಳ್ತಾವು, ನಮ್ಮಾಕಿ ಕೆಟ್ಟ ರೊಕ್ಕ ಕೇಳ್ತಾಳ. ಹಾಸ್ಟೆಲ್ ಲೈಬ್ರರಿಯ ಕಾದಂಬರಿಗಳಲ್ಲಿ ಅಪ್ಪಂದಿರು ಉಪದೇಶ ಮಾಡುತ್ತಾರೆ ಇಲ್ಲವೇ ಸಾಯುತ್ತಾರೆ, ನನ್ನವನು ಎರಡನ್ನೂ ಮಾಡಲಿಲ್ಲ, ನಾಣ್ಯ ಉಜ್ಜಿದ. ಮೋಸ ಎನ್ನಲು ನಿನ್ನೆಯಿಂದ ಬಾಯಿ ಬರುತ್ತಿಲ್ಲ, ಬೇರೆ ಹೆಸರೂ ಸಿಗುತ್ತಿಲ್ಲ.

ಬಂದ. ಅಪ್ಪ, ಇಸ್ತ್ರಿಯ ಅಂಗಿ, ಮಣಿಪಾಲದ ಈ ಹಾಲಿನ ನುಣುಪಾದ ನೆಲವನ್ನೇ ಮೊದಲು ನೋಡಿದ, ನಾಣ್ಯಗಳನ್ನಲ್ಲ, ಮೂಲಿ ಸರಿ ತಿಕ್ಕಿಲ್ಲ ನೋಡು ಎಂದ, ಹಿಂದೆಯೇ ಜೋಕಿಮ್ ಸರ್, ಕನ್ನಡಕ ಹಣೆಗೇರಿಸಿ ಮೇಜಿನ ಮೇಲೆ ಬಗ್ಗಿದರು, ಒಂಬತ್ತು ದಾಟಿ ಹತ್ತನೆಯದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಓಹೋ, ಇದು ಯಾವ ಟಂಕಸಾಲೆಯದ್ದು ಎಂದು ಹೇಳ್ತೀರಿ, ಅವರಿಗೆ ಗೊತ್ತಾಗಿದೆಯೋ ಇಲ್ಲವೋ ಮುಖದಲ್ಲಿ ಕಾಣುವುದಿಲ್ಲ, ಅಪ್ಪ ನನ್ನನ್ನೇ ನೋಡುತ್ತಿದ್ದಾನೆ, ಬಾಯಿ ಅರ್ಧ ತೆರೆದು, ಬಹುಮಾನ ಈಗಲೇ ಕೈಗೆ ಕೊಡುತ್ತಾರೆ ಎಂಬಂತೆ — ಟಂಕಸಾಲೆಯದ್ದಲ್ಲ ಸರ್, ಎಂದೆ, ನನ್ನ ದನಿ ಸರಿಯಾಗಿಯೇ ಇತ್ತು, ಇದನ್ನು ಮಾಡಿದ್ದು ನನ್ನ ಅಪ್ಪ ಹನುಮಪ್ಪ, ಇವರೇ. ಪಕ್ಕದ ಮೇಜಿನ ಅಂಚೆಚೀಟಿ ಹುಡುಗರು ತಿರುಗಿದರು. ಈಗ ತಲೆ ತಗ್ಗಿಸುತ್ತಾನೆ ಎಂದುಕೊಂಡೆ, ತಗ್ಗಿಸಲಿಲ್ಲ, ಹೌದ್ರೀ ಸಾಹೇಬ್ರ, ತಪ್ಪಿಂದು ಬೇಕು ಅಂತಿದ್ಲು, ಹತ್ತನೇದು ಸಿಗವಲ್ದು ಅಂತ ಉಣ್ಣೂದ ಬಿಟ್ಟಿದ್ಲು, ಮಾಡಿಕೊಟ್ಟೆ, ಎರಡು ಸಂಜಿ ಹಿಡೀತು, ಮೂಲಿ ತಿಕ್ಕಿದಂಗ ತಿಕ್ಕೀನಿ, ಹಲ್ಕಾ ಕೆಲಸ ಅಲ್ರೀ. ಅವನಿಗೆ ತಪ್ಪು ಎಂದರೆ ತಪ್ಪು, ಯಂತ್ರ ಮಾಡಿದರೇನು ಹನುಮಪ್ಪ ಮಾಡಿದರೇನು, ಬಚ್ಚಿಡುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ, ಬಚ್ಚಿಟ್ಟವಳು ನಾನು, ಒಂದು ರಾತ್ರಿ ಪೂರ್ತಿ ಅವನನ್ನು ಕಳ್ಳನ ಹಾಗೆ ಕಾಪಾಡಿದವಳು ನಾನು. ಜೋಕಿಮ್ ಸರ್ ನಕ್ಕರು, ನಯ ಚೆನ್ನಾಗಿ ಉಂಟು ಹನುಮಪ್ಪನವರೇ, ಆದರೆ ಹತ್ತು ಇರಬೇಕು ಅಂತ ನಿಯಮ ಅಲ್ವಾ, ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದರು, ಬೆಂಗಳೂರು ಹೋಯಿತು, ಹೋಯಿತು ಎಂದು ಗೊತ್ತಾಗುತ್ತಿರುವಾಗಲೇ ಹಸಿವಾಯಿತು, ನಿನ್ನೆಯಿಂದ ಇಲ್ಲದ ಹಸಿವು. ಹಳೆಯ ಚೀಟಿ ಹರಿದು ಹೊಸತು ಬರೆದೆ, ನಾಣ್ಯ ಎರಡು ರೂಪಾಯಿ, ಮಾಡಿದವರು ಹನುಮಪ್ಪ, ಅಲೆವೂರು, ಓದಿ ಹೇಳಿದೆ, ಅವನು ಬೆರಳನ್ನು ಅಂಗಿಗೆ ಒರೆಸಿಕೊಂಡ, ಹೆಸರು ಹಾಕಿದಿ, ಹೆಬ್ಬಟ್ಟು ಬ್ಯಾಡೇನು, ಅವನ ಹೆಸರಿರುವ ಕಾಗದದ ಮೇಲೆ ಇವತ್ತಿನವರೆಗೆ ಅವನ ಹೆಬ್ಬೆಟ್ಟು ಇಲ್ಲದೆ ಯಾರೂ ಬಿಟ್ಟಿಲ್ಲ, ಆಯಿತು ಅಪ್ಪಾ ಒತ್ತು ಎಂದೆ, ಸರ್ ತಮ್ಮ ಮೊಹರಿನ ಮಸಿಪೆಟ್ಟಿಗೆ ಮುಂದೆ ತಳ್ಳಿದರು, ಒತ್ತಿದ, ಎತ್ತಿದ. ನೀಲಿ. ಬರೀ ನೀಲಿ, ಒಂದೂ ಗೆರೆಯಿಲ್ಲ, ಕಲ್ಲು ಹಿಡಿದು ಉಜ್ಜಿ ಉಜ್ಜಿ ಸವೆದ ಬೆರಳು, ಹಾಸ್ಟೆಲ್ ಸೇರುವಾಗಲೂ ಹೀಗೇ, ಗುಮಾಸ್ತ ಬೈದಿದ್ದ, ಸರಿಯಾಗಿ ಒತ್ತಯ್ಯ, ಅಪ್ಪ ನಾಲ್ಕು ಸಲ ಒತ್ತಿದ್ದ, ನಾಲ್ಕು ನೀಲಿ ಬಿಲ್ಲೆ, ನಾನು ಆಗ ನಾಚಿಕೆಯಿಂದ ಗೋಡೆ ನೋಡಿದ್ದೆ, ಗಾಜು ತಂದು ಚೀಟಿಯ ಮೇಲೆ ಹಿಡಿಯುತ್ತೇನೆ, ಎಲ್ಲೋ ಒಂದು ಗೆರೆಯಾದರೂ, ಅಂಚಿನಲ್ಲಾದರೂ, ಇಲ್ಲ, ಬೀಳಲಿಲ್ಲೇನವ್ವಾ ಎನ್ನುತ್ತಾನೆ, ಬಿತ್ತು ಅಪ್ಪಾ, ಚೆನ್ನಾಗಿ ಬಿತ್ತು — ಮಸಿ ಒಣಗುತ್ತಿದೆ, ದುಂಡಗೆ, ನುಣ್ಣಗೆ, ಗೆರೆಯಿಲ್ಲದ ನೀಲಿ ಹೆಬ್ಬೆಟ್ಟು, ಗೆರೆಯಿಲ್ಲದ ಹೆಬ್ಬೆಟ್ಟು